ಬಾಗಿಲ ಹೊರಗೆ ಬಿಟ್ಟ ಶೂ

ವಿಯೆನ್ನಾ, ಜೂನ್ 1991

ಅಮ್ಮಾ,

ಸಾರಿ, ಮತ್ರಾದ ನಮ್ಮ ಮನೆ ಬಿಟ್ಟ ದಿನವೇ ಕಾರ್ಡ್ ಬರೆಯುತ್ತಿದ್ದೇನೆ, ನಗಬೇಡ. ಮಧ್ಯಾಹ್ನ ನಮ್ಮಲ್ಲಿಯಂತೆ ಶೂ ರೂಮಿನ ಹೊರಗೆ ಬಿಟ್ಟು ಮಲಗಿದೆ. ಎದ್ದಾಗ ಫಳಫಳ ಹೊಳೆಯುತ್ತಿತ್ತು. ಇಲ್ಲಿ ಹೊರಗಿಟ್ಟರೆ ಪಾಲಿಶ್ ಮಾಡಿಕೊಡಿ ಎಂದರ್ಥವಂತೆ. ಲಾಡ್ಜಿನ ಯಜಮಾನಿಯೇ ಉಜ್ಜಿದ್ದಾರೆ, ನಮ್ಮ ಅಜ್ಜಿಯ ಪ್ರಾಯದವರು. ಹಿರಿಯರ ಕೈಗೆ ನನ್ನ ಶೂ ಕೊಟ್ಟ ಹಾಗಾಯಿತಲ್ಲ ಎಂದು ಅವರ ಕಾಲು ಮುಟ್ಟಲು ಬಗ್ಗಿದೆ. "ಏನು ಬಿತ್ತು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಅವರೂ ಬಗ್ಗಿ ಹುಡುಕತೊಡಗಿದರು! ಆಮೇಲೆ ಇಬ್ಬರಿಗೂ ನಗು.

"ಹೆದರಿಕೆ ಆದ್ರೆ ವಾಪಸ್ ಬಾ ಮಗಾ" ಅಂದಿದ್ದೆಯಲ್ಲ, ಏರ್‌ಪೋರ್ಟಿನಲ್ಲೇ ಬಂದುಬಿಡೋಣ ಅನ್ನಿಸಿತ್ತು. ಈಗ ಇಲ್ಲ. ನಾಳೆ ಅದೇ ಶೂ ಹಾಕಿ ಒಬ್ಬನೇ ಊರು ನೋಡುತ್ತೇನೆ.

ಸ್ವಲ್ಪ ಶೀತ, ಮಾತ್ರೆ ತೆಗೆದುಕೊಂಡೆ. ಶೂ ಈಗ ಮಂಚದಡಿ ಇದೆ, ಒಳಗೆ ತಂದದ್ದಕ್ಕೆ ಬೈಯಬೇಡ. ಇದೇ ವಿಳಾಸಕ್ಕೆ ಬೇಗ ಉತ್ತರ ಬರೆ.

ಯತೀಶ