ಗಿರಾಕಿ ಓಡಿಸಿದವರಿಗೆ

ರೀ,

ಉಪ್ಪಿಟ್ಟು ಮುಚ್ಚಿಟ್ಟೀನಿ. ತಿಂದು ಮೊಣಕಾಲಿಗೆ ಎಣ್ಣಿ ಹಚ್ಚಿಕೊಳ್ರಿ. ಐತವಾರ ಅಂತ ಮತ್ತ ಘಣಸೋಲಿಗೆ, ಆ ಡೀಲರ್ ಕಡೆ ಓಡಬ್ಯಾಡ್ರಿ.

ಒಲಿ, ಹಾಸಿಗಿ ಎಲ್ಲಾ ಇದ್ದ ನಮ್ಮ ಕ್ಯಾರವಾನ್ ಆರು ತಿಂಗಳಾದ್ರೂ ಯಾಕ ಮಾರಿಲ್ಲ ಅಂತ ನಿನ್ನೆ ಹೋಗಿ ಡೀಲರ್‌ಗೆ ಬಾಯಿಗೆ ಬಂದಂಗ ಬೈದೆ. ಪಾಪ, ಅವ ನೀರು ಕೊಟ್ಟು ಕೂಡಿಸಿ ಅಂದ: "ಭಾಭೀ, ಗಿರಾಕಿ ತೋ ಸಾಬ್ ಹೀ ಭಗಾತೇ ಹೈಂ." ಐತವಾರ ಬಂದ ಗಿರಾಕಿನ್ನ ನೀವೇ ಓಡಸತೀರಂತ.

ಖಾರಘರದಿಂದ ಬಂದ ಗಿರಾಕಿಗಳು ಗಾಡಿ ಒಪ್ಪಿದ್ರಂತ. ಖಿಡಕಿ ಕಡೆ ಸೀಟು ಕಿತ್ತು ಫ್ರಿಜ್ ಇಡತೀವಿ ಅಂದ ಕೂಡಲೇ, ಇಂಜಿನ್ ಕೆಟ್ಟೈತಿ ಅಂತ ನೀವೇ ಸುಳ್ಳು ಹೇಳಿದ್ರಂತ!

ನನಗ ಘಾಟಿನ್ಯಾಗ ವಾಂತಿ ಬರತೈತಿ ಅಂತ ನೀವು ಕೈಯಾರೆ ಮಾಡಿದ ಸೀಟು ಅದು. ಮಾರೂದು ಬ್ಯಾಡ ಅಂತ ನನ್ನ ಮುಂದ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು? ಮಾರೂಣು ಅಂತ ಹಟ ಹಿಡದಾಕಿ ನಾನೇ, ಖರೆ. ಡಾಕ್ಟರು ಗಾಡಿ ಹೊಡಿಬ್ಯಾಡ್ರಿ ಅಂದ ಮ್ಯಾಲೆ, ಅದರ ಕಡೆ ನೋಡಿಕೋತ ನೀವು ಸೊರಗೂದು ನನಗ ನೋಡಾಕ ಆಗಲಿಲ್ಲ.

ನನ್ನ ತಮ್ಮ ಗುರುನಾಥನ್ನ ಕರಕೊಂಡು ಹೊಂಟೀನಿ. ಗಾಡಿ ವಾಪಸ್ ತರತೀವಿ. ಇನ್ನ ಮ್ಯಾಲೆ ಅವ ಹೊಡೀತಾನ. ನನ್ನ ಸೀಟಿನ್ಯಾಗ ನಿಮಗ ಅರ್ಧ ಕೊಡತೀನಿ, ಖಿಡಕಿ ಕಡೆದ್ದು.

ಅನಸೂಯಾ