ಅತ್ತೆಯ ಕಿವಿಯ ಸೆಲ್

ಪ್ರೀತಿಯ ಅತ್ತೆಗೆ,

ನೀವು ಮಗಳ ಮನೆ ತಲುಪಿ ನಾಲ್ಕು ದಿನವಾಯಿತು. ಫೋನಿನಲ್ಲಿ ಹೇಳಲು ನಾಲಿಗೆ ಏಳದ ಮಾತೊಂದಿದೆ, ಅದಕ್ಕೇ ಈ ಕಾಗದ. ಓದಿ ಬೈದರೂ ಸರಿ, ನಕ್ಕರೂ ಸರಿ.

ನೀವು ಮಗಳ ಮನೆಗೆ ಹೊರಡುವ ಮುಂಚಿನ ಭಾನುವಾರ ಬೆಳಿಗ್ಗೆ ನಾನು ತವರಿಗೆ ಹೊರಟಿದ್ದೆ ಅತ್ತೆ. ಎರಡು ದಿನದ ಮಟ್ಟಿಗಲ್ಲ. ಬ್ಯಾಗ್ ಅರ್ಧ ತುಂಬಿತ್ತು.

ಮದುವೆಯಾಗಿ ಬಂದು ಮೂರು ತಿಂಗಳಾದರೂ ನೀವು ನನಗೆ ಮುಖ ಕೊಟ್ಟು ಮಾತಾಡಿರಲಿಲ್ಲ. "ಅತ್ತೆ, ಟೀ ಮಾಡ್ಲಾ?" ಎಂದರೆ "ಹೂಂ, ನಾಳೆ ನೋಡೋಣ" ಎನ್ನುತ್ತಿದ್ದಿರಿ. ಕಿವಿಯ ಹಿಂದೆ ಮಿಷನ್ ಇದೆಯಲ್ಲ, ಕೇಳಿಸಿಯೂ ಕೇಳಿಸದಂತಿದ್ದೀರಿ ಎಂದುಕೊಂಡೆ. ನಿಮ್ಮ ಮಗನಿಗೆ ಹೇಳಿದರೆ, "ಅಮ್ಮಂದು ಮೊದ್ಲಿಂದ್ಲೂ ಮಾತು ಕಮ್ಮಿ" ಎಂದು ಪೇಪರ್ ತಿರುವಿದರು. ರೇಡಿಯೋ ರಿಪೇರಿ ಅಂಗಡಿಯಲ್ಲಿ ದುಡಿಯುವ, ಬೆರಳ ತುಂಬ ಸುಟ್ಟ ಕಲೆಯಿರುವ ಸೊಸೆ ನಿಮಗೆ ಹಿಡಿಸಲಿಲ್ಲವೆಂದೇ ತೀರ್ಮಾನಿಸಿಬಿಟ್ಟೆ. ಬರಬರುತ್ತ ನಿಮ್ಮ ಬೆನ್ನ ಹಿಂದೆಯೇ ನಿಂತು ಗೊಣಗುವ ಚಾಳಿಯೂ ಅಂಟಿಕೊಂಡಿತು.

ಆ ದಿನ ಹೊರಡುತ್ತೇನೆಂದು ಹೇಳಲು ಬಂದರೆ ನೀವು ಮಿಷನ್ನನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಿರಿ. "ಇದು ಕೆಟ್ಟೇ ಹೋಯ್ತು. ಸೆಲ್ ಮೇಲೆ ಸೆಲ್ ಹಾಕ್ದೆ, ಗುಂಯ್ ಅನ್ನಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಊರೋರ ಮಾತೆಲ್ಲ ಕೇಳಿದ ಕಿವಿ. ಸಾಕು ಬಿಡು" ಎಂದಿರಿ. ನಿಮ್ಮ ಕಣ್ಣು ಒದ್ದೆಯಾಗಿತ್ತು.

ಬ್ಯಾಗಿನ ತಳ ಸೇರಿದ್ದ ಮಲ್ಟಿಮೀಟರನ್ನು ಎಳೆದು ತಂದೆ. ಡಿಸಿ ವೋಲ್ಟೇಜಿನ ಇಪ್ಪತ್ತರ ಅಂಕಿಗೆ ತಿರುಗಿಸಿ, ಬಟಾಣಿ ಕಾಳಿನಷ್ಟಿದ್ದ ಸೆಲ್ಲಿನ ಚಪ್ಪಟೆ ಮೈಗೆ ಕೆಂಪು ಕಡ್ಡಿ, ಹಿಂಬದಿಗೆ ಕಪ್ಪು ಕಡ್ಡಿ ಮುಟ್ಟಿಸಿದೆ. ಸೊನ್ನೆ ಪಾಯಿಂಟ್ ಎಂಟು ಏಳು. ಒಂದೂಕಾಲಾದರೂ ಇರಬೇಕಿತ್ತು. ನಿಮ್ಮ ಡಬ್ಬಿಯಲ್ಲಿದ್ದ ಉಳಿದವೂ ಅದೇ ಗತಿ. ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಎಲ್ಲ ಒಂದೇ ಡಬ್ಬಿಗೆ ಹಾಕಿದ್ದಿರಿ. ಸತ್ತದ್ದನ್ನು ತೆಗೆದು ಸತ್ತದ್ದನ್ನೇ ಹಾಕುತ್ತಿದ್ದಿರಿ! ತಳದ ಕಾಗದಕ್ಕೆ ಕಚ್ಚಿಕೊಂಡಿದ್ದ ಒಂದಕ್ಕೆ ಮಾತ್ರ ಅಂಟುಚೀಟಿ ಹಾಗೇ ಇತ್ತು. ಚೀಟಿ ಕಿತ್ತು, ಗಾಳಿ ತಾಗಿದರೇ ಜೀವ ಬರುವ ಸೆಲ್ಲಾದ್ದರಿಂದ ಸ್ವಲ್ಪ ಹೊತ್ತು ಗಾಳಿಗಿಟ್ಟು, ಕಡ್ಡಿ ಮುಟ್ಟಿಸಿ ಮೀಟರನ್ನು ನಿಮ್ಮತ್ತ ತಿರುಗಿಸಿದೆ. ನೀವು ನಂಬರ್ ಒಪ್ಪಿಸುವ ಆಪರೇಟರಮ್ಮನಂತೆ ಗಟ್ಟಿಯಾಗಿ ಓದಿದಿರಿ: "ಒಂದು, ಪಾಯಿಂಟ್, ಮೂರು, ಒಂಬತ್ತು."

ಮಿಷನ್ ಕಿವಿಗೇರಿತು. ನೀವು ತಲೆಯೆತ್ತಿ, "ಈ ಫ್ಯಾನು ಇಷ್ಟೊಂದು ಕಿರುಚುತ್ತಾ?" ಎಂದಿರಿ. ಚಾಳಿ ಬಿಡಬೇಕಲ್ಲ, "ಸದ್ಯ, ಮಹಾರಾಣಿಗೆ ಕೊನೆಗೂ ಕೇಳಿಸ್ತು" ಎಂದು ನಾನು ಗೊಣಗಿಬಿಟ್ಟೆ.

"ಮಹಾರಾಣಿಗೆ ಟೀ ಬೇಕು. ಸಕ್ಕರೆ ಅರ್ಧ ಚಮಚ. ಮೂರು ತಿಂಗಳಿಂದ ಸಕ್ಕರೆ ಪಾಕ ಕುಡಿಸಿದೀಯ!"

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ನೀವು ನಗಲು ಶುರುಮಾಡಿದಿರಿ, ನಾನೂ ನಕ್ಕೆ. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದರೆ, "ಹೊಸ ಹುಡುಗಿ, ಬೇಜಾರಾದೀತು ಅಂತ ಸುಮ್ನಿದ್ದೆ ಕಣೇ. ನೀನು ಏನೋ ಕೇಳ್ತಿದ್ದೆ, ನಂಗೆ ತುಟಿ ಮಾತ್ರ ಕಾಣೋದು. ತಪ್ಪು ಉತ್ತರ ಕೊಟ್ರೆ ನಗ್ತೀಯೇನೋ ಅಂತ ಭಯ" ಎಂದಿರಿ. ನನಗೆ ನೀವೆಂದರೆ ಭಯ, ನಿಮಗೆ ನಾನೆಂದರೆ ಭಯ! ಮಧ್ಯಾಹ್ನದವರೆಗೂ ಮಾತಾಡಿದೆವು. ನೀವು ಎಕ್ಸ್‌ಚೇಂಜಿನ ಕತೆ ಹೇಳುತ್ತಿದ್ದಾಗ ನಡುವೆ ಎದ್ದು ಹೋದೆನಲ್ಲ, ಬ್ಯಾಗಿನ ಬಟ್ಟೆಯನ್ನೆಲ್ಲ ಬೀರುವಿಗೆ ಮರಳಿಸಿ ಬಂದೆ. ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಕ್ಷಮಿಸಿಬಿಡಿ.

ಅತ್ತಿಗೆ ಇನ್ನೊಂದು ವಾರ ಇರಿ ಎಂದು ಕೈ ಹಿಡಿದಾರು, ಒಪ್ಪಬೇಡಿ. ಇಲ್ಲಿ ನಿಮ್ಮ ಮಗನ ಎರಡು ಕಿವಿಯೂ ನೆಟ್ಟಗಿವೆ, ಆದರೂ ನಾನು ಹೇಳಿದ ಒಂದು ಮಾತೂ ಒಳಗಿಳಿಯುತ್ತಿಲ್ಲ. ಮನೆಯಲ್ಲಿ ಮಾತು ಕೇಳುವವರು ನೀವೊಬ್ಬರೇ. ಬೇಗ ಬಂದುಬಿಡಿ.

ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಬಾಯಿಬಡುಕಿ ಸೊಸೆ