ಒಂದು ಗಂಟೆಯೊಳಗಿನ ಮನೆ

ಜನವರಿ 6, ಸೋಮವಾರ. ಸಂಜೆ

ಇವತ್ತೂ ಗಂಟಲು ಹೋಯಿತು. ಕಡಬದಲ್ಲಿ ಕಬಡ್ಡಿ. ಬೆಳಗ್ಗೆಯಿಂದ ಆಟೋದಲ್ಲಿ ಕೂತು ಮೈಕಿನಲ್ಲಿ ಒಂದೇ ಪಾಠ — ಹೊನಲು ಬೆಳಕಿನ, ಮ್ಯಾಟ್ ಅಂಕಣದ, ಆಹ್ವಾನಿತ ಎಂಟು ತಂಡಗಳ... ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲೆ ಎಂಬ ಏಕೈಕ ಅರ್ಹತೆಗೆ ಮೈಕ್ ಬಾಡಿಗೆಗೆ ಕೊಡುವ ಸೌಂಡ್ಸ್‌ನವರು ನನಗೆ ಕೆಲಸ ಕೊಟ್ಟದ್ದು. ಪಂಜದ ಹತ್ತಿರ ರಸ್ತೆ ಮಧ್ಯೆ ಒಂದು ನಾಯಿ ಮಲಗಿತ್ತು. ಅದಕ್ಕೂ ಮೈಕಿನಲ್ಲೇ ಹೇಳಿದೆ: "ಮಾನ್ಯ ಶ್ವಾನ ಮಹಾಶಯರು ಎಡಬದಿಗೆ ಸರಿದು ಸಹಕರಿಸಬೇಕಾಗಿ ವಿನಂತಿ." ಸರಿಯಿತು. ಸಾರ್ವಜನಿಕರಿಗಿಂತ ಶಿಸ್ತು ಉಂಟು.

ಇನ್ನು ಗೃಹ ವಾರ್ತೆ. ನನ್ನ ಅಕ್ಕ ತೃಪ್ತಿ, ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವಳು, ವಯಸ್ಸು ಇಪ್ಪತ್ತಾರು. ಅವಳ ಹೃದಯವೆಂಬ ಸಿಬ್ಬಂದಿ ಎರಡು ವರ್ಷದ ಹಿಂದಿನ ಒಂದು ಜ್ವರದ ನಂತರ ಕರ್ತವ್ಯಲೋಪ ಎಸಗುತ್ತ ಬಂದಿದೆ. ಶನಿವಾರ ಬೆಂಗಳೂರಿನ ಡಾಕ್ಟರು ಅಂತಿಮ ಆದೇಶ ಹೊರಡಿಸಿದರು. ಬದಲಿಸಬೇಕು. ಬೇರೊಬ್ಬರ ಹೃದಯ ಬೇಕು. ಅದು ಯಾವತ್ತು ಸಿಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಸಿಕ್ಕಿದ ದಿನ ಫೋನ್ ಬರುತ್ತದೆ, ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು. ನಮ್ಮ ಸುಳ್ಯದಿಂದ ಏಳು ಗಂಟೆಯ ದಾರಿ. ಹಾಗಾಗಿ ಬೆಂಗಳೂರಿನಲ್ಲಿ ಮನೆ ಮಾಡಿ. ಅಲ್ಲಿಯವರೆಗೆ ಹೆಸರು ಹೃದಯಕ್ಕೆ ಕಾಯುವವರ ಪಟ್ಟಿಗೆ ಬರುವುದಿಲ್ಲ.

ಎಲ್ಲಿ ಮನೆ ಮಾಡುವುದು ಎಂದು ಡಾಕ್ಟರು ಹೇಳಲಿಲ್ಲ. ಅಷ್ಟು ದೊಡ್ಡ ಊರು.

ಜನವರಿ 9, ಗುರುವಾರ

ಸ್ಥಳಾನ್ವೇಷಣಾ ಮಹಾಸಭೆ. ಅಧ್ಯಕ್ಷರು ಶ್ರೀ ಚೆನ್ನಪ್ಪನವರು — ಅಪ್ಪ, ಸುಳ್ಯದ ಗಾಂಧಿನಗರದಲ್ಲಿ ಬ್ಯಾಟರಿ ಅಂಗಡಿ. ಅಜ್ಜಿ ಅಕ್ಕು ಬಾಗಿಲ ಬಳಿ, ಎಲೆಯಡಿಕೆಯೊಂದಿಗೆ. ಅಮ್ಮ ಹೋಗಿ ಆರು ವರ್ಷ, ಆದ್ದರಿಂದ ಅಡುಗೆ ಖಾತೆಯೂ ಅಜ್ಜಿಯದ್ದೇ.

ಪುತ್ತೂರಿನ ದೊಡ್ಡಪ್ಪ ಯಶವಂತಪುರ ಮಂಡಿಸಿದರು. "ಕಬಕದಲ್ಲಿ ರೈಲು ಹತ್ತಿದ್ರೆ ಸೀದಾ ಅಲ್ಲಿಗೆ. ನೋಡ್ಲಿಕ್ಕೆ ಬರ್ಲಿಕ್ಕೆ ನಮಗೂ ಸುಲಭ."

ಅತ್ತೆಯದ್ದು ಕೆಂಗೇರಿ. "ಸುಳ್ಯದ ಬಸ್ಸು ಮೊದಲು ನಿಲ್ಲುದೇ ಅಲ್ಲಿ. ಬೆಳಗ್ಗೆ ಇಳಿದ್ರೆ ಐದು ನಿಮಿಷ ನಡೆದ್ರೆ ಆಯ್ತು."

ಊರಿನ ತರಕಾರಿ ಎಲ್ಲಿ ಸಿಗುತ್ತದೆ, ಬಂಗುಡೆ ಎಲ್ಲಿ ತಾಜಾ, ತುಳು ಮಾತಾಡುವವರು ಯಾವ ಬೀದಿಯಲ್ಲಿ... ಎರಡು ಗಂಟೆ ಚರ್ಚೆ. ಒಬ್ಬರೂ ಆಸ್ಪತ್ರೆಯಿಂದ ದೂರ ಅಳೆಯಲಿಲ್ಲ. ಎಲ್ಲರೂ ಸುಳ್ಯದಿಂದ ಅಳೆದರು.

ಹಿಶಾಮ್‌ಗೆ ಫೋನ್ ಮಾಡಿದೆ. ಒಂದೇ ಬೆಂಚಿನಲ್ಲಿ ಕೂತು ಪೆಟ್ಟು ತಿಂದವ, ಈಗ ಮಡಿವಾಳದಲ್ಲಿ ಅವನ ಮಾವನ ಬೇಕರಿಯಲ್ಲಿದ್ದಾನೆ. ದೂರ ಅಳೆಯಲು ಸ್ಕೂಟರಿನಲ್ಲಿ ಕೆಂಗೇರಿಗೆ ಹೋಗಿ ಅಲ್ಲಿಂದ ಆಸ್ಪತ್ರೆಗೆ ಹೊರಟ. ಒಂದೂವರೆ ಗಂಟೆ ಕಳೆದು ಅವನದ್ದೇ ಕಾಲ್. "ಇನ್ನೂ ಆಸ್ಪತ್ರೆಯ ಬೋರ್ಡು ಕೂಡ ಕಾಣುದಿಲ್ಲ ಮಾರಾಯ. ನನಗೇ ಹಾರ್ಟ್ ಹಿಡೀತದೆ."

ಅಪ್ಪ ಎಲ್ಲವನ್ನೂ ಕೇಳಿ ಎದ್ದು ನಿಂತರು. "ಮನೆ ಎಂತಕ್ಕೆ? ಝೀರೋ ಟ್ರಾಫಿಕ್ ಮಾಡುವ. ಹೋದ ವರ್ಷ ಆ ಸೀಕಿನ ಮಗುವನ್ನು ರಸ್ತೆ ಖಾಲಿ ಮಾಡಿಸಿ ಮಂಗಳೂರಿಗೆ ಹೇಗೆ ಮುಟ್ಟಿಸಿದ್ರು? ಜಂಕ್ಷನ್ ಜಂಕ್ಷನ್‌ನಲ್ಲಿ ಜನ ನಿಂತಿದ್ರು. ನಮಗೆ ಜನ ಉಂಟು."

"ಅಪ್ಪ, ಅದು ಮಂಗಳೂರು."

"ಆಂಬ್ಯುಲೆನ್ಸ್‌ನವನ ಹತ್ತಿರ ಮಾತಾಡಿದ್ದೇನೆ. ನಾಲ್ಕು ಗಂಟೆಯಲ್ಲಿ ಕೊಂಡುಹೋಗ್ತಾನಂತೆ."

ಸಭೆ ಚಹಾದೊಂದಿಗೆ ಬರ್ಖಾಸ್ತು.

ಜನವರಿ 14, ಮಂಗಳವಾರ

ಅಕ್ಕ ದಿಂಬಿಗೆ ಒರಗಿಯೇ ಇರುತ್ತಾಳೆ. ಪೂರ್ತಿ ಮಲಗಿದರೆ ಉಸಿರು ಕಟ್ಟುತ್ತದೆ. ಅವಳ ಮುಂದೆ ಕೂತು ಬೆಂಗಳೂರಿನ ಬಡಾವಣೆಗಳನ್ನು ಮದುವೆ ಸಂಬಂಧ ಓದಿದ ಹಾಗೆ ಓದಿದೆ. ಚಿರಂಜೀವಿ ಜಯನಗರ, ಸಂಪ್ರದಾಯಸ್ಥ ಮನೆತನ, ಮರಗಿಡ ಉಂಟು. "ಮೀನು ತಿನ್ಲಿಕ್ಕೆ ಬಿಡುದಿಲ್ಲ." ಚಿರಂಜೀವಿ ಕೋರಮಂಗಲ, ಓದಿದವರು, ಸ್ಟೈಲು. "ಗದ್ದಲ." ವಿಲ್ಸನ್ ಗಾರ್ಡನ್? "ಹೆಸರೇ ಸರಿ ಇಲ್ಲ."

"ನಿನಗೆ ಯಾವುದೂ ಬೇಡ ಅಲ್ವಾ?"

ದಿಂಬಿನಲ್ಲಿ ಸ್ವಲ್ಪ ಮೇಲೆ ಸರಿದು ಹೇಳಿದಳು. "ಅವಿನ್, ಅಲ್ಲಿ ಮನೆ ಮಾಡುದು ಎಂತಕ್ಕೆ ಹೇಳು. ಅದೇ ಊರಲ್ಲಿ ಯಾರೋ ಸಾಯುದನ್ನು ಕಾಯ್ಲಿಕ್ಕೆ. ಹಾಲು ತರ್ಲಿಕ್ಕೆ ಹೋದಾಗ ಎದುರು ಸಿಗುವವ ಅವನೇ ಆಗಿರಬಹುದು. ನಾನು ಅವನನ್ನು ನೋಡಿ ನಗಾಡುದಾ?"

ಬಡಾವಣೆಗಳ ಹಾಳೆ ಮಡಚಿ ಕಿಸೆಗೆ ಹಾಕಿದೆ.

ಜನವರಿ 22, ಬುಧವಾರ

ಮಧ್ಯಾಹ್ನ ಫೋನ್. ಆಸ್ಪತ್ರೆಯ ದೀಪ್ತಿ ಮೇಡಂ — ಪಟ್ಟಿ, ಕರೆ ಎಲ್ಲ ನೋಡಿಕೊಳ್ಳುವವರು. "ಅವಿನ್, ನೀವು ಈಗ ಎಲ್ಲಿದ್ದೀರಿ?"

"ಸುಳ್ಯದಲ್ಲಿ ಮೇಡಂ."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಸರಿ. ಒಂದು ಸಿಕ್ಕಿತ್ತು. ತೃಪ್ತಿಗೆ ಹೊಂದುತ್ತಿತ್ತು. ಮನೆ ಮಾಡಿ ಬಂದಿದ್ದೀರೇನೋ, ಇವತ್ತೇ ಹೆಸರು ಸೇರಿಸಬಹುದೇನೋ ಅಂತ ಕೇಳಿದೆ. ಪರವಾಗಿಲ್ಲ, ಬೇರೆಯವರಿದ್ದಾರೆ."

ಅಪ್ಪನಿಗೆ ಹೇಳಬಾರದಿತ್ತು. ಹೇಳಿದೆ.

ಜನವರಿ 23, ಗುರುವಾರ

ನಿನ್ನೆ ಪೂರ್ತಿ ಬರೆಯಲಾಗಲಿಲ್ಲ.

ಅಪ್ಪ ಅಂಗಡಿಯಿಂದ ಓಡಿದರು. ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದರು. "ನಿಲ್ಸಿ! ಆಂಬ್ಯುಲೆನ್ಸ್ ಬರ್ಲಿಕ್ಕುಂಟು!" ಬಸ್ಸು ನಿಂತಿತು. ಪಿಕಪ್ ನಿಂತಿತು. ಬೈಕಿನವರು ಇಳಿದು ತಾವಾಗಿಯೇ ಇನ್ನೊಂದು ಬದಿಯ ವಾಹನಗಳನ್ನು ನಿಲ್ಲಿಸಿದರು. ಒಬ್ಬನೂ ಯಾಕೆ ಎಂದು ಕೇಳಲಿಲ್ಲ. ಅಪ್ಪ ಹೇಳಿದ್ದು ನಿಜ, ನಮಗೆ ಜನ ಉಂಟು.

ಆಂಬ್ಯುಲೆನ್ಸ್ ಇರಲಿಲ್ಲ. ಯಾರೂ ಕರೆದಿರಲಿಲ್ಲ. ಖಾಲಿ ರಸ್ತೆ, ಎರಡೂ ಕಡೆ ಸಾಲು, ನಡುವೆ ಕೈ ಎತ್ತಿದ ಅಪ್ಪ. ನಾನು ಹೋಗಿ ಕೈ ಇಳಿಸಿದೆ. ಇಳಿಯಲಿಲ್ಲ. ಇನ್ನೊಮ್ಮೆ ಇಳಿಸಿದೆ.

ಅಂಗಡಿಯ ಪಕ್ಕದಲ್ಲೇ ನಮ್ಮ ಮನೆ. ಅಕ್ಕ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ಇವತ್ತು ಬೆಳಗ್ಗೆ ಹೇಳಿದಳು: "ಮನೆ ನೋಡು. ಎಲ್ಲಾದ್ರೂ ಆಗ್ತದೆ, ಹತ್ತಿರ ಇದ್ರೆ ಸಾಕು. ಆದ್ರೆ ಅಲ್ಲಿ ನಾನು ಒಬ್ಬರ ಹತ್ತಿರವೂ ಮಾತಾಡುದಿಲ್ಲ. ಗುರುತು ಪರಿಚಯ ಮಾಡ್ಲಿಕ್ಕೆ ನನಗೆ ಹೇಳಬೇಡಿ."

ಜನವರಿ 30, ಗುರುವಾರ. ಮಡಿವಾಳ

ಹಿಶಾಮ್‌ನ ರೂಮು. ಮೂರು ದಿನದಿಂದ ಅವನ ಸ್ಕೂಟರಿನ ಹಿಂದೆ. ಈ ಊರಿನಲ್ಲಿ ಒಂದು ತಿರುವು ತೆಗೆದರೆ ಭಾಷೆ ಬದಲಾಗುತ್ತದೆ, ಇನ್ನೊಂದು ತಿರುವಿಗೆ ಅಡುಗೆಯ ವಾಸನೆ. ಎಲ್ಲ ಬೀದಿಯಲ್ಲೂ ಪ್ರಶ್ನೆ ಮಾತ್ರ ಒಂದೇ: ನೀವು ಯಾವ ಜನ?

ಮೊದಲನೆಯ ಮನೆ, ಮೀನು ಬೇಯಿಸುವವರಿಗೆ ಇಲ್ಲ. ಎರಡನೆಯದಕ್ಕೆ ಲಿಫ್ಟ್ ಇಲ್ಲ. ಅಕ್ಕ ಐದು ಮೆಟ್ಟಿಲಿಗೆ ನೀಲಿಯಾಗುತ್ತಾಳೆ. ಮೂರನೆಯದರಲ್ಲಿ ಹಿಶಾಮ್‌ನ ಹೆಸರು ಕೇಳಿದ ಮೇಲೆ ಮನೆ ಕೊಟ್ಟಾಗಿದೆ ಎಂದರು. "ಬಾಡಿಗೆಗೆ ಇರುದು ಅವ, ನಾನು ಡ್ರೈವರ್ ಸಾರ್" ಎಂದ ಹಿಶಾಮ್. ಡ್ರೈವರಿಗೂ ಇಲ್ಲವಂತೆ. ಹೊರಗೆ ಬಂದು ನಗಾಡಿದ, ನಾನೂ ನಗಾಡಿದೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸ್ಕೂಟರ್ ಸ್ಟಾರ್ಟ್ ಮಾಡಲಿಲ್ಲ.

ಇವತ್ತಿನದ್ದು ಎಲ್ಲ ಸರಿ ಇತ್ತು. ಆಸ್ಪತ್ರೆಗೆ ಇಪ್ಪತ್ತೈದು ನಿಮಿಷ. ಕೀ ಕೈಗೆ ಬಂದಿತ್ತು. ಆಗ ಓನರಮ್ಮ ಕೇಳಿದರು, ಯಾರಿಗೆ ಹುಷಾರಿಲ್ಲ? ಹೇಳಿದೆ. ಕೀ ವಾಪಸು ತೆಗೆದುಕೊಂಡರು. "ಬೇಜಾರ್ ಮಾಡ್ಕೋಬೇಡಪ್ಪ. ಮನೇಲಿ ಏನಾದ್ರೂ ಆಗ್ಹೋದ್ರೆ ಆಮೇಲೆ ಬಾಡಿಗೆಗೆ ಯಾರೂ ಬರಲ್ಲ." ಕೆಟ್ಟವರಲ್ಲ. ಕುಡಿಯಲು ಮಜ್ಜಿಗೆ ಕೊಟ್ಟರು.

ಮಜ್ಜಿಗೆ ಕುಡಿದೆ. ಗ್ಲಾಸು ಒಡೆಯಬೇಕು ಅನ್ನಿಸಿತು. ತೊಳೆದಿಟ್ಟು ಬಂದೆ.

ನಾಳೆಯಿಂದ ಸುಳ್ಳೇ ಹೇಳುವುದು.

ಫೆಬ್ರವರಿ 2, ಭಾನುವಾರ

ಆಡುಗೋಡಿ. ಇಕ್ಕಟ್ಟು ಬೀದಿ. ಒಂದು ತುದಿಯಲ್ಲಿ ಮಾರಿಯಮ್ಮ, ಇನ್ನೊಂದು ತುದಿಯಲ್ಲಿ ಮಸೀದಿ, ಬೆನ್ನಿಗೇ ಚರ್ಚಿನ ಗಂಟೆ. ಆಸ್ಪತ್ರೆಗೆ ಇಪ್ಪತ್ತು ನಿಮಿಷ; ಸಂಜೆಯ ಟ್ರಾಫಿಕ್‌ನಲ್ಲಿ ಹಿಶಾಮ್‌ನೇ ಹೋಗಿ ಮುಟ್ಟಿ ತೋರಿಸಿದ. ಎರಡನೇ ಮಹಡಿ, ಲಿಫ್ಟ್ ಉಂಟು. ಅದರಲ್ಲಿ ಇಬ್ಬರು ನಿಂತರೆ ಒಬ್ಬನು ಉಸಿರು ಬಿಟ್ಟ ಮೇಲೆ ಇನ್ನೊಬ್ಬನು ಎಳೆಯಬೇಕು.

ಓನರ್ ಕೃಷ್ಣಮೋಹನ, ನಿವೃತ್ತ ಕಂಡಕ್ಟರ್. ನಾನು ಮೈಕಿನ ಧ್ವನಿ ತೆಗೆದೆ. ಅಕ್ಕ ಉನ್ನತ ವ್ಯಾಸಂಗದ ನಿಮಿತ್ತ ಆಗಮಿಸಲಿದ್ದಾಳೆ, ಅಜ್ಜಿ ಜೊತೆಗಿರುತ್ತಾರೆ... ಮನೆ ತೋರಿಸಲು ವಿಡಿಯೋ ಕಾಲ್ ಹಾಕಿದ್ದೆ. ಅದೇ ತಪ್ಪಾಯಿತು. ಫೋನಿನೊಳಗಿಂದ ಅಕ್ಕನ ಸ್ವರ:

"ಸರ್, ಅವ ಸುಳ್ಳು ಹೇಳ್ತಾ ಇದ್ದಾನೆ. ನನಗೆ ಹಾರ್ಟ್ ಬದಲಿಸ್ಲಿಕ್ಕೆ ಉಂಟು. ಅದು ಸಿಗದೆಯೂ ಇರಬಹುದು. ನಿಮ್ಮ ಮನೆಯಲ್ಲೇ ಏನಾದ್ರೂ ಆಗಬಹುದು. ಈಗ್ಲೇ ಹೇಳಿದ್ದೇನೆ."

ನಾನು ಕಣ್ಣು ಮುಚ್ಚಿದೆ.

ಕೃಷ್ಣಮೋಹನ ಕನ್ನಡಕ ಏರಿಸಿ ಫೋನನ್ನು ಹತ್ತಿರ ಹಿಡಿದುಕೊಂಡರು. "ಅಗ್ರಿಮೆಂಟು ಹನ್ನೊಂದು ತಿಂಗಳಿಗಮ್ಮ. ಮಧ್ಯದಲ್ಲಿ ಬಿಟ್ಟು ಹೋಗೋ ಹಾಗಿಲ್ಲ. ಆಗುತ್ತಾ?"

ಪರದೆಯಲ್ಲಿ ಅಕ್ಕ ಬೆರಳು ಮಡಚಿ ತಿಂಗಳು ಎಣಿಸಿದಳು. ಆಮೇಲೆ, "ಪ್ರಯತ್ನ ಮಾಡ್ತೇನೆ ಸರ್."

"ಹಾಗಾದ್ರೆ ಬನ್ನಿ."

ಹಿಶಾಮ್ ಲಿಫ್ಟಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಜಾಗ ಇಲ್ಲದ್ದಕ್ಕೆ ಅಂತೆ.

ಫೆಬ್ರವರಿ 10, ಸೋಮವಾರ. ಆಡುಗೋಡಿ

ಬಂದೆವು. ಹೆಸರು ಪಟ್ಟಿಗೆ ಸೇರಿತು. ಅಪ್ಪ ನಮ್ಮನ್ನು ಬಿಟ್ಟು ಅಂಗಡಿಗೆ ವಾಪಸು. ಹೋಗುವಾಗ ಕೆಳಗಿನ ರಸ್ತೆಯ ಅಗಲವನ್ನು ಹೆಜ್ಜೆ ಹಾಕಿ ನೋಡಿದರು. ಆಂಬ್ಯುಲೆನ್ಸ್ ತಿರುಗುತ್ತದಾ ಎಂದು.

ಫೋನ್ ಹೊಸ ಯಜಮಾನ. ಬಚ್ಚಲಿಗೂ ನನ್ನೊಟ್ಟಿಗೆ ಬರುತ್ತದೆ.

ಮಾರ್ಚ್ 4, ಮಂಗಳವಾರ

ಆಸ್ಪತ್ರೆಗೆ ಹತ್ತಿರ ಎಂದರೆ ಏನು ಎಂದು ಈಗ ಗೊತ್ತಾಯಿತು. ದಿನವಿಡೀ ಸೈರನ್. ಪ್ರತಿ ಸಲ ನನ್ನ ಕೈ ಫೋನಿಗೆ ಹೋಗುತ್ತದೆ. ಯಾರದ್ದೋ ಮನೆಯಲ್ಲಿ ಅಳು, ನನಗಿಲ್ಲಿ ಆಸೆ. ಅಕ್ಕ ಸೈರನ್ ಕೇಳಿದರೆ ಟಿವಿ ದೊಡ್ಡದು ಮಾಡುತ್ತಾಳೆ.

ಮಾತಾಡುವುದಿಲ್ಲ ಎಂದವಳ ವ್ರತ ಹೋದ ವಾರವೇ ಮುರಿಯಿತು. ಕೃಷ್ಣಮೋಹನರ ಮಗ ವಿಷ್ಣುಪ್ರಸಾದ್ — ಕೆಳಗಿನ ಮನೆ, ಇಂಟರ್‌ನೆಟ್ ಲೈನ್ ಎಳೆಯುವ ಕೆಲಸ, ನನ್ನದೇ ಪ್ರಾಯ — ಬರಿತಲೆಯಲ್ಲಿ ಬೈಕ್ ಹತ್ತಿದ. ಬಾಲ್ಕನಿಯಿಂದ ಅಕ್ಕ, ಉಸಿರು ಸಾಲದೆ ಎರಡು ತುಂಡು ಮಾಡಿ:

"ಹೋಯ್! ಹೆಲ್ಮೆಟ್... ಎಲ್ಲಿ?"

"ಇಲ್ಲೇ ಹತ್ರ ಅಕ್ಕಾ, ಡೈರಿ ಸರ್ಕಲ್!"

"ಹತ್ತಿರ ಆದ್ರೆ ತಲೆ ಒಡೆಯುದಿಲ್ವಾ? ಹೋಗಿ ಹಾಕಿಕೊಂಡು ಬನ್ನಿ!"

ಹೋಗಿ ಹಾಕಿಕೊಂಡು ಬಂದ. ಸೆಲ್ಯೂಟ್ ಹೊಡೆದ.

ಅಜ್ಜಿ ಕೇಳಿದರು, "ಪಾಪದ ಹುಡುಗನಿಗೆ ಎಂತಕ್ಕೆ ಬೈತಿ?"

"ನನಗೆ ಅವನದ್ದು ಬೇಡ ಅಜ್ಜಿ."

ಆಮೇಲಿನಿಂದ ಬೀದಿಯ ಎಲ್ಲ ಬೈಕಿನವರಿಗೂ ಇದೇ ಕಾಟ. ಸದರಿ ಬೀದಿಯಲ್ಲಿ ಹೆಲ್ಮೆಟ್ ಕಡ್ಡಾಯ, ಆದೇಶದ ಮೇರೆಗೆ, ಎರಡನೇ ಮಹಡಿ. ತಮಿಳಿನವರಿಗೆ ಸನ್ನೆಯಲ್ಲಿ ಬೈಯುತ್ತಾಳೆ. ಹೆಸರು ಎಲ್ಲ ಗೊತ್ತಾಗಿಬಿಟ್ಟಿದೆ ಅವಳಿಗೆ. ಬೇಡ ಅಂದಿದ್ದಳು.

ಮಾರ್ಚ್ 19, ಬುಧವಾರ. ಬೆಳಗ್ಗೆ

ನಾಲ್ಕು ದಿನದಿಂದ ಅಕ್ಕನ ಕಾಲು ಊದಿದೆ. ಎರಡು ಮಾತಿಗೆ ದಣಿವು. ಡಾಕ್ಟರು ಮದ್ದು ಏರಿಸಿದರು. ದೀಪ್ತಿ ಮೇಡಂ ನನ್ನನ್ನು ಹೊರಗೆ ಕರೆದು ಹೇಳಿದರು, ಇನ್ನು ಹೆಚ್ಚು ಸಮಯ ಇಲ್ಲ ಅವಿನ್, ಫೋನ್ ಕೈಯಲ್ಲೇ ಇರಲಿ.

ಒಂಬತ್ತಕ್ಕೆ ವಿಷ್ಣು ಬೈಕ್ ತೆಗೆದ. ಬರಿತಲೆ. ಅಕ್ಕ ನಿದ್ದೆ. ಬಾಲ್ಕನಿಯಲ್ಲಿ ನಾನೊಬ್ಬನೇ. ಬಾಯಿ ತೆರೆದೆ. ಮೈಕಿಲ್ಲದೆಯೂ ಮೈದಾನದ ಆಚೆ ತುದಿಗೆ ಕೇಳುವ ಗಂಟಲು. ಸ್ವರ ಬರಲಿಲ್ಲ. ಬೈಕ್ ತಿರುವಿನಲ್ಲಿ ಮರೆಯಾಯಿತು.

ಆಗ ಎಂತ ಯೋಚಿಸಿದೆ ಎಂದು ಬರೆಯುವುದಿಲ್ಲ.

ಬರೆಯುತ್ತೇನೆ. ಇವನ ಬ್ಲಡ್ ಗ್ರೂಪ್ ಯಾವುದಿರಬಹುದು ಎಂದು.

ಮಧ್ಯಾಹ್ನ

ಅವನ ನಂಬರಿಗೆ ಮಾಡಿದೆ. ತೆಗೆಯುವುದಿಲ್ಲ. ಕಂಬದ ಮೇಲೆ ಇರಬಹುದು. ಇರಬಹುದು.

ಸೈರನ್ ಎರಡು. ಮೂರು. ಐದು ವಾರದಿಂದ ಯಾವ ಫೋನಿಗೆ ಹರಕೆ ಹೊತ್ತಿದ್ದೆನೋ ಆ ಫೋನು ಮಡಿಲಲ್ಲಿ ಕೆಂಡದ ಹಾಗೆ. ಸುಬ್ರಹ್ಮಣ್ಯ ಸ್ವಾಮೀ, ಇವತ್ತೊಂದು ದಿನ ಬಾರದಿರಲಿ. ಹಾಗೆ ಬೇಡಿದ ಕೂಡಲೇ ಅಕ್ಕನ ಮುಖ ನೋಡಿದೆ. ತುಟಿಯ ಬಣ್ಣ. ಬಾರದಿದ್ದರೆ ಇವಳು... ಹೇಗೆ ಬೇಡಿದರೂ ಒಬ್ಬರಿಗೆ ವಿರುದ್ಧ.

ಅಜ್ಜಿ ಗಂಜಿ ತಂದಿಟ್ಟರು. "ಎಂತ ಆಯ್ತು ಮಗಾ? ನಿನ್ನ ಬಾಯಿಗೆ ಬೀಗ ಬಿದ್ದದ್ದು ನಾನು ನೋಡಿದ್ದೇ ಇಲ್ಲ."

ಕೆಳಗೆ ಹೋಗಿ ಕೃಷ್ಣಮೋಹನರನ್ನು ಕೇಳಿದೆ, ವಿಷ್ಣು ಎಷ್ಟು ಹೊತ್ತಿಗೆ ಬರುತ್ತಾನೆ. "ಬರ್ತಾನೆ ಬಿಡಪ್ಪ, ಎಲ್ಲಿ ಹೋಗ್ತಾನೆ" ಎಂದರು. ಕೂತುಕೋ, ಕಾಫಿ ಕುಡಿ ಎಂದರು. ಕೂರಲಾಗಲಿಲ್ಲ.

ಸಂಜೆ

ಏಳು ಕಳೆಯಿತು. ಅಕ್ಕ ಎದ್ದು ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದಾಳೆ. ಬೀದಿಯ ಎಲ್ಲ ಬೈಕುಗಳೂ ಬಂದವು. ಅವನದ್ದಿಲ್ಲ. ಅವಳಿಗೆ ಹೇಳಿಬಿಡೋಣವೆಂದು ಮೂರು ಸಲ ಎದ್ದೆ

ಗೇಟು. ಬೈಕಿನ ಶಬ್ದ. ನಿಂತಿತು. ಅಕ್ಕ ಬಗ್ಗಿ ನೋಡಿ ಬೈಯಲು ಶುರು ಮಾಡಿದಳು, "ಬೆಳಗ್ಗೆಯಿಂದ ಹೀಗೇ... ತಿರುಗಿದ್ದಾ? ನಾಚಿಕೆ ಇಲ್ವಾ?" ಕೆಳಗಿನಿಂದ ಅವನ ಸ್ವರ, "ಸಾರಿ ಅಕ್ಕಾ, ನಾಳೆಯಿಂದ ಪಕ್ಕಾ!" ಅವನದ್ದೇ. ಅವನದ್ದೇ ಸ್ವರ.

ಅಕ್ಕ ತಿರುಗಿ ನನ್ನನ್ನು ನೋಡುತ್ತಿದ್ದಾಳೆ. "ಅಳುದು ಎಂತಕ್ಕೆ ಮಾರಾಯ?"

ಕೆಳಗೆ ಹೋಗಿ ಅವನ ತಲೆ ಒಮ್ಮೆ ಮುಟ್ಟಿ ನೋಡಬೇಕು. ಒಂದು ಪೆಟ್ಟು ಕೊಡಬೇಕು. ಫೋನ್ ಅಕ್ಕನ ಮಡಿಲಲ್ಲೇ ಇರಲಿ, ಎರಡು ನಿಮಿಷ, ಕರೆ ಬಂದರೆ ಅವಳೇ ತೆಗೆಯಲಿ.